ಹಕ್ಕಿ ಹೋದವು, ಗೀಜರ್ ಬಂದ್

ಮಾರ್ಚ್ ಹದಿನಾರು, ಭಾನುವಾರ, ಬೆಳಿಗ್ಗೆ ಒಂಬತ್ತೂ ಹತ್ತು. ಬೆಟಗೇರಿಯ ನಮ್ಮ ಮನೆಯ ಬಚ್ಚಲಿನಲ್ಲಿ ಬೇಸಿಗೆ ಶುರುವಾಯಿತು.

ಎಲ್ಲರ ಮನೆಗೂ ಬೇಸಿಗೆ ಬಿಸಿಲಿನ ಜೊತೆ ಬರುತ್ತದೆ. ನಮ್ಮ ಮನೆಗೆ ಮಾತ್ರ ಅದು ಫೋನಿನಲ್ಲಿ ಬರುತ್ತದೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ದಂಡೆಯಿಂದ ಯಾರಾದರೊಬ್ಬರು ನಮ್ಮ ಅತ್ತೆಗೆ ಫೋನ್ ಮಾಡಿ, "ಅಕ್ಕಾರ, ಹಕ್ಕಿ ಹ್ವಾದ್ವು ರೀ" ಎನ್ನುತ್ತಾರೆ.

"ಎಲ್ಲಾ ಹ್ವಾದ್ವೋ, ಒಂದೆರಡು ಉಳದಾವೋ? ಸರಿಯಾಗಿ ನೋಡಿ ಹೇಳು" ಎಂದು ಅತ್ತೆ ದಬಾಯಿಸುತ್ತಾಳೆ.

ಒಂದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಟ್ಟು ಬಿಚ್ಚುವ ಪಾನಾ ಹಿಡಿದು, ಬಚ್ಚಲಿನ ಕಡೆ ನಡೆಯುತ್ತಾಳೆ. ನಡೆಯುತ್ತಲೇ ಮನೆಗೆಲ್ಲ ಕೇಳುವಂತೆ ಸಾರುತ್ತಾಳೆ: "ಹಕ್ಕಿ ಹ್ವಾದ್ವು. ಗೀಜರ್ ಬಂದ್."

ಮತ್ತೆ ಆ ಗೀಜರಿನ ಸ್ವಿಚ್ಚು ಮೇಲೇಳುವುದು ದೀಪಾವಳಿಯ ಆಸುಪಾಸಿನಲ್ಲಿ, ಅದೇ ಹಕ್ಕಿಗಳು ಅದೇ ಕೆರೆಗೆ ಮರಳಿ ಬಂದ ಸುದ್ದಿ ತಲುಪಿದ ಮೇಲೆ. ಹಿಮಾಲಯದ ಆಚೆಯಿಂದ ಹಾರಿ ಬರುವ ಆ ಪಟ್ಟೆತಲೆಯ ಬಾತುಗಳಿಗೆ, ಬೆಟಗೇರಿಯ ಒಂದು ಮನೆಯ ಸ್ನಾನದ ನೀರು ತಮ್ಮ ಕೈಯಲ್ಲಿದೆ ಎಂಬುದು ಗೊತ್ತಿರಲಿಕ್ಕಿಲ್ಲ. ಗೊತ್ತಾದರೆ ಪಾಪ, ಬೇರೆ ಕೆರೆ ನೋಡಿಕೊಂಡಾವು.

ನೀವು ನಗಬಹುದು. ನಮ್ಮ ಓಣಿಯವರೂ ನಗುತ್ತಾರೆ. ಅತ್ತೆಯ ತರ್ಕವನ್ನು ಒಮ್ಮೆ ಕೇಳಿ, ಆಮೇಲೆ ನಗಿ: "ಚಳಿ ನಾಡಿನ ಹಕ್ಕಿ ನಮ್ಮಲ್ಲಿ ಬೆಚ್ಚಗಿರತೈತಿ ಅಂತ ಬರತಾವ. ಅವಕ್ಕ ಇಲ್ಲಿ ಸೆಕಿ ಆಗಿ ಎದ್ದು ಹ್ವಾದ್ವು ಅಂದಮ್ಯಾಗ, ಇಲ್ಲೇ ಹುಟ್ಟಿದ ನಿನಗ ಬಿಸಿನೀರು ಯಾಕ ಬೇಕು?" ಈ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ.

ಈಕೆ ನಮ್ಮಪ್ಪನ ಅಕ್ಕ. ಮಾಗಡಿಯಲ್ಲಿ ಬಹಳ ವರ್ಷ ಗಣಿತ ಕಲಿಸಿ, ನಿವೃತ್ತಿಯಾದ ಮೇಲೆ ನಮ್ಮ ಮನೆಗೆ ಬಂದಳು. ಬರುವಾಗ ಜೊತೆಯಲ್ಲಿ ಈ ಗೀಜರೂ ಬಂತು. ಹಳೆಯ ವಿದ್ಯಾರ್ಥಿಗಳು ಸೇರಿ ಕೊಟ್ಟ ಉಡುಗೊರೆ ಅದು. ನಮ್ಮ ಕಡೆ ಹೆಣ್ಣು ಟೀಚರಿಗೆ ಮಕ್ಕಳು ಕರೆಯುವುದು "ಅಕ್ಕಾರ" ಎಂದು. ನಮ್ಮ ಅವ್ವ ತನ್ನ ಗಂಡನ ಅಕ್ಕನನ್ನು ಕರೆಯುವುದೂ "ಅಕ್ಕಾರ" ಎಂದೇ. ಅತ್ತೆಗೆ ಈ ಎರಡರಲ್ಲಿ ವ್ಯತ್ಯಾಸ ಇದುವರೆಗೆ ಕಂಡಂತಿಲ್ಲ.

ಇನ್ನು ನಾನು. ದಿನಚರಿ ಬರೆಯುವವಳು. ನಳಕ್ಕೆ ನೀರು ಬಂದ ದಿನ, ನಾಗಾವಿಗೆ ಓದಲು ಹೋಗುವಾಗ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕ ದಿನ, ಎಲ್ಲಕ್ಕೂ ಗೆರೆ ಹೊಡೆದು ಕಾಲಂ ಮಾಡಿದ್ದೇನೆ. ಇದನ್ನು ನೋಡಿ ಮೆಚ್ಚಿದ್ದು ಜಗತ್ತಿನಲ್ಲಿ ಅತ್ತೆ ಒಬ್ಬಳೇ. ಮೆಚ್ಚಿ, ಒಂದು ಕಾಲಂ ತಾನೇ ಸೇರಿಸಿದಳು: "ಹಕ್ಕಿ ಹೋದದ್ದು, ಹಕ್ಕಿ ಬಂದದ್ದು." ವರ್ಷಕ್ಕೆ ಎರಡೇ ನಮೂದು. ಇಷ್ಟು ಕಡಿಮೆ ಕೆಲಸದ ಕಾಲಂ ನನ್ನ ದಿನಚರಿಯಲ್ಲಿ ಬೇರೆ ಇಲ್ಲ. ಈ ಬೇಸಿಗೆಯ ತನಕ ಅದು ತೊಂದರೆಯನ್ನೂ ಕೊಟ್ಟಿರಲಿಲ್ಲ.

ಗೀಜರ್ ಬಂದ್ ಮಾಡುವುದೆಂದರೆ ಸ್ವಿಚ್ಚು ಕೆಳಗೆ ಒತ್ತುವುದು ಎಂದು ತಿಳಿದ ಸಾಮಾನ್ಯರು ನಾವೆಲ್ಲ. ಅತ್ತೆಗೆ ಅದೊಂದು ಕಾರ್ಯಕ್ರಮ. ಮೊದಲು ಮನೆಯ ಮೇನ್ ಸ್ವಿಚ್ಚನ್ನೇ ಇಳಿಸುತ್ತಾಳೆ. ಆ ಹೊತ್ತಿಗೆ ಅಪ್ಪ ಟಿವಿ ನೋಡುತ್ತಿದ್ದರೆ ಅದು ಅಪ್ಪನ ಕರ್ಮ. ಆಮೇಲೆ ಒಳಬರುವ ನೀರು ನಿಲ್ಲಿಸಿ, ಗೀಜರಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಬಕೆಟ್ಟಿಗೆ ಇಳಿಸಿ, ತಳದ ಮುಚ್ಚಳ ಬಿಚ್ಚುತ್ತಾಳೆ. ನಮ್ಮಲ್ಲಿ ನದಿಯ ನೀರು ಬಾರದ ದಿನಗಳಲ್ಲಿ ಬೋರಿನ ನೀರೇ ಗತಿ, ಬೋರಿನ ನೀರಿನಲ್ಲಿ ಸುಣ್ಣವೇ ಸುಣ್ಣ. ಒಳಗಿನ ಕಾಯಿಲ್ ಹೊರಬಂದಾಗ ಅದರ ಮೈಮೇಲೆ ಬಿಳಿಯ ಪೊರೆ ಬೆರಳು ದಪ್ಪ ಕಟ್ಟಿರುತ್ತದೆ.

"ನೋಡ್ಲೇ, ಸ್ವೆಟರ್ ಹಾಕ್ಕೊಂಡು ಕುಂತೈತಿ. ಸ್ವೆಟರ್ ಮ್ಯಾಗಿಂದ ನೀರು ಕಾಸು ಅಂದ್ರ ಎಷ್ಟೊತ್ತಿಗೆ ಕಾಸೀತು? ಕರೆಂಟ್ ಸುಡೂದು ನೀರಿಗಲ್ಲ, ಸ್ವೆಟರಿಗೆ."

ಆ ಸ್ವೆಟರು ಬಿಚ್ಚುವುದಕ್ಕೆ ಲಿಂಬೆಹುಳಿ ಬೇಕು. ಈ ಸಲ ಅವ್ವ ಉಪ್ಪಿನಕಾಯಿಗೆಂದು ತಂದು, ಒರೆಸಿ, ಬಟ್ಟೆಯ ಮೇಲೆ ಹರಡಿದ್ದ ಲಿಂಬೆಹಣ್ಣು ಅರ್ಧದಷ್ಟು ಮಾಯವಾದವು. ಅವ್ವ ಬಚ್ಚಲಿಗೆ ಬಂದು ನೋಡಿದರೆ, ಕಾಯಿಲ್ ಒಂದು ಡಬ್ಬಿಯಲ್ಲಿ ರಸ ಕುಡಿಯುತ್ತ ಮಲಗಿದೆ.

"ಅಕ್ಕಾರ, ಅವು ಉಪ್ಪಿನಕಾಯಿಗೆ ತಂದಿದ್ದು."

"ಉಪ್ಪಿನಕಾಯಿ ತಿಂದು ಯಾರರ ಕರೆಂಟ್ ಉಳಿಸ್ಯಾರೇನು, ಶಾಂತಾ?"

ಅವ್ವ ಉಳಿದ ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಈ ವರ್ಷದ ಉಪ್ಪಿನಕಾಯಿ ಭರಣಿಯ ಕೊರಳ ತನಕ ಬರಲಿಲ್ಲ.

ಕಾಯಿಲ್ ತೊಳೆದು, ಒಣಗಿಸಿ, ತಿರುಗಿ ಕೂರಿಸಿ, ಉಷ್ಣತೆಯ ಗುಂಡಿಯನ್ನು ಮುಂದಿನ ಚಳಿಗಾಲಕ್ಕೆಂದು ಈಗಲೇ ಕೆಳಗಿಳಿಸಿಟ್ಟು, ಕೊನೆಗೆ ಬರುವುದು ಸೀಲು. ಅತ್ತೆ ನೌಕರಿಯುದ್ದಕ್ಕೂ ಚುನಾವಣೆಯ ಡ್ಯೂಟಿ ಮಾಡಿದವಳು. ಮತಪೆಟ್ಟಿಗೆಗೆ ಹೇಗೆ ಸೀಲು ಹಾಕುತ್ತಾರೋ ಹಾಗೆಯೇ ಸ್ವಿಚ್ಚಿನ ಮೇಲೆ ಕಾಗದದ ಪಟ್ಟಿ ಅಂಟಿಸಿ, ಅದರ ಎರಡು ತುದಿಗೆ ಅರಗು ಕರಗಿಸಿ ಹನಿಸಿ, ಹೆಬ್ಬೆರಳು ಒತ್ತುತ್ತಾಳೆ. ಪೋಲಿಂಗ್ ಏಜೆಂಟರಾಗಿ ನಾನೂ ಅಪ್ಪನೂ ಪಟ್ಟಿಯ ಮೇಲೆ ಸಹಿ ಮಾಡುತ್ತೇವೆ. ಅವ್ವ ಒಂದು ವರ್ಷವೂ ಸಹಿ ಮಾಡಿಲ್ಲ.

"ನನ್ನ ನಡಾ ನೋಯತೈತಿ. ನಸುಕಿನ್ಯಾಗ ಒಂದು ತಂಬಿಗಿ ಬಿಸಿನೀರು ಬಿದ್ರ ದಿನಾ ಹೋಗತೈತಿ. ನಾ ಯಾಕ ಸಹಿ ಮಾಡಲಿ?"

"ಮಧ್ಯಾಹ್ನ ಜಳಕಾ ಮಾಡು. ಬಿಸಿಲಿಗೆ ಟ್ಯಾಂಕ್ ಕಾದು ನೀಲಿ ನಳದಾಗ ಪುಕ್ಕಟೆ ಬಿಸಿನೀರು ಬರತೈತಿ."

"ಮಧ್ಯಾಹ್ನ ಜಳಕಾ ಮಾಡಿದ್ರ ನಸುಕಿನ್ಯಾಗ ರೊಟ್ಟಿ ಯಾರು ಬಡೀತಾರ? ನಿಮ್ಮ ಹಕ್ಕಿ ಬಡಿತಾವೇನು?"

ವರ್ಷ ವರ್ಷ ಇದೇ ಮಾತು. ಅತ್ತೆ ಸೋಲುವುದಿಲ್ಲ, ಅವ್ವ ಬಿಡುವುದಿಲ್ಲ, ಅಪ್ಪ ಪೇಪರು ಮಡಿಸುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಗೀಜರು ಇಲ್ಲಿಗೆ ಬಂದಾಗಿನಿಂದ ಆ ಸೀಲು ಒಂದು ಸಲವೂ ಅವಧಿಗೆ ಮುಂಚೆ ಒಡೆದಿರಲಿಲ್ಲ. ಅತ್ತೆಗೆ ಮಲೇರಿಯಾ ಬಂದು ನಡುಗಿದ ವರ್ಷವೂ ಒಡೆದಿರಲಿಲ್ಲ. ಹೊದಿಕೆಯೊಳಗಿಂದಲೇ, "ಸೀಲು ನೋಡ್ಕೋರಿ" ಎಂದು ಕೂಗಿದ್ದಳು.

ಬಂದ್ ಮಾಡಿದ ಗೀಜರ್ ಸುಮ್ಮನೆ ನೇತಾಡುತ್ತದೆ ಎಂದುಕೊಂಡಿರಾ? ಅತ್ತೆಯ ಕೈಕೆಳಗೆ ಯಾರೂ ಸುಮ್ಮನೆ ನೇತಾಡುವ ಹಾಗಿಲ್ಲ.

ನಮ್ಮೂರ ಬೇಸಿಗೆಯಲ್ಲಿ ತಾರಸಿಯ ಮೇಲಿನ ಕರಿ ಟ್ಯಾಂಕು ಮಧ್ಯಾಹ್ನಕ್ಕೆ ಕುದಿಯುವ ಹಂಡೆಯಾಗುತ್ತದೆ. ತಣ್ಣೀರು ಎಂದು ನಂಬಿ ನಳ ತಿರುವಿದರೆ ಅಂಗೈ ಸುಡುತ್ತದೆ. ಇದಕ್ಕೆ ಅತ್ತೆ ಕಂಡುಹಿಡಿದ ಉಪಾಯ ಇದು: ನಸುಕಿನಲ್ಲಿ, ರಾತ್ರಿಯಿಡೀ ಆರಿದ ಟ್ಯಾಂಕಿನ ನೀರು ತಂಪಾಗಿರುವಾಗ, ಗೀಜರಿನ ಕೆಂಪು ನಳ ತೆರೆದು ಹಳೆಯ ನೀರನ್ನು ಬಕೆಟ್ಟಿಗೆ ಬಿಟ್ಟು, ಗೀಜರ್ ತುಂಬ ಆ ತಂಪು ನೀರು ತುಂಬಿಸುವುದು. ಹೊರಬಂದ ನೀರು ಪಾತ್ರೆಗೆ, ತುಳಸಿಗೆ. ಒಳಗೆ ಹೋದದ್ದು ಮಧ್ಯಾಹ್ನದವರೆಗೂ ತಂಪು.

"ಅದಕ್ಕ ದಪ್ಪ ಅಂಗಿ ತೊಡಿಸ್ಯಾರ. ಬಿಸಿ ಹೊರಗ ಬಿಡಲಾರದ್ದು, ಬಿಸಿ ಒಳಗರ ಹೆಂಗ ಬಿಡತೈತಿ?"

ಹೀಗಾಗಿ ಬೇಸಿಗೆಯಲ್ಲಿ ನಮ್ಮ ಮನೆಯ ಕೆಂಪು ನಳದಲ್ಲಿ ತಣ್ಣೀರು, ನೀಲಿ ನಳದಲ್ಲಿ ಬಿಸಿನೀರು. ಆದರೆ ತಣ್ಣೀರು ಒಂದೇ ಬಕೆಟ್ಟು. ಒಂದು ಬಕೆಟ್ಟು ತೆಗೆದರೆ ಹಿಂದಿನಿಂದ ಟ್ಯಾಂಕಿನ ಕುದಿನೀರು ಒಳನುಗ್ಗಿ ಎಲ್ಲವೂ ಬೆಚ್ಚಗಾಗುತ್ತದೆ. ಆ ಒಂದು ಬಕೆಟ್ಟು ಯಾರಿಗೆ ಎಂಬುದನ್ನು ಅತ್ತೆಯೇ ನಿರ್ಧರಿಸುತ್ತಾಳೆ.

ಏಪ್ರಿಲ್ ಆರು, ಮಧ್ಯಾಹ್ನ ಒಂದೂ ಇಪ್ಪತ್ತು. ಮುಂಡರಗಿಯಿಂದ ಅಪ್ಪನ ಗೆಳೆಯರೊಬ್ಬರು ಬಿಸಿಲಲ್ಲಿ ಬೆಂದು ಬಂದು, ಜಳಕಕ್ಕೆ ಹೋದರು. ಅತಿಥಿಯೆಂದು ಆ ದಿನದ ಬಕೆಟ್ಟು ಅವರಿಗೇ ಮಂಜೂರಾಗಿತ್ತು. ಹೇಳುವುದು ಮಾತ್ರ ಮರೆತಿತ್ತು. ಎರಡು ನಿಮಿಷದಲ್ಲಿ ಒಳಗಿಂದ ಚೀರಾಟ.

"ಕೆಂಪು ತಿರುವ್ರಿ, ಕೆಂಪು!" ಎಂದು ಅತ್ತೆ ಬಾಗಿಲ ಹೊರಗಿನಿಂದ ಕೂಗಿದಳು.

"ಬ್ಯಾಡ್ರೀ ಅಕ್ಕಾರ, ನೀಲಿನ ಹಿಂಗೈತಿ, ಇನ್ನ ಕೆಂಪು ಹೆಂಗಿದ್ದೀತು!"

ಅವರು ಮೈಗೆ ಸಾಬೂನು ಹಚ್ಚಿದ್ದನ್ನು ಹಾಗೆಯೇ ಒರೆಸಿಕೊಂಡು ಹೊರಬಂದರು. ಊಟ ಮಾಡಿ, ಇಡೀ ಮಧ್ಯಾಹ್ನ ಫ್ಯಾನಿನ ಕೆಳಗೆ ಸಾಬೂನಿನ ವಾಸನೆ ಬೀರುತ್ತ ಕೂತು, ಸಂಜೆ ಬಸ್ಸಿಗೆ ಹೋದರು. ಅಂದಿನಿಂದ ಅಪ್ಪನಿಗೆ ಫೋನ್ ಮಾಡಿದಾಗಲೆಲ್ಲ, "ಮನ್ಯಾಗ ಎಲ್ಲಾರೂ ಆರಾಮೇನ?" ಎಂದು ಕೇಳುವ ಮೊದಲು, "ಗೀಜರ್ ಹೆಂಗೈತಿ?" ಎನ್ನುತ್ತಾರೆ.

ಏಪ್ರಿಲ್ ಕೊನೆಯ ವಾರ ನಮ್ಮಕ್ಕ ಹದಿನೈದು ದಿನದ ಕೂಸು ಎತ್ತಿಕೊಂಡು ಬಾಣಂತನಕ್ಕೆ ಬಂದಳು. ಆ ದಿನವೇ ಅವ್ವ ಸೊಂಟಕ್ಕೆ ಕೈಯಿಟ್ಟು ಸ್ವಿಚ್ಚಿನ ಕೆಳಗೆ ನಿಂತಳು.

"ಈಗ ಏನಂತೀರಿ ಅಕ್ಕಾರ? ಬಾಣಂತಿಗೆ ತಣ್ಣೀರು ಎರೀತೀರೇನು?"

ಬಾಣಂತಿಗೆ ಸುಡುನೀರು ಎರೆಯಬೇಕು. ಅದು ನಲವತ್ತು ಡಿಗ್ರಿ ಬಿಸಿಲೇ ಇರಲಿ, ಕಿಟಕಿಯಲ್ಲಿ ಕಾಗೆ ಬಾಯಿ ತೆರೆದು ಕೂತಿರಲಿ, ಅವಳಿಗೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೈಗೆ ಕುದಿನೀರು. ಈ ಕಾನೂನಿನ ಮುಂದೆ ಅತ್ತೆಯ ಹಕ್ಕಿ ಕಾನೂನು ನಿಂತೀತೇ? ನಾನು ಪೆನ್ನು ಹಿಡಿದೇ ಕೂತಿದ್ದೆ.

"ಯಾರು ತಣ್ಣೀರು ಅಂದ್ರು?" ಅತ್ತೆ ಹೇಳಿದಳು. "ಜಳಕದ ಟೈಂ ಬದಲಾಗೇತಿ. ಬಾಣಂತಿಗೂ ಕೂಸಿಗೂ ಮಧ್ಯಾಹ್ನ ಹನ್ನೆರಡೂವರಿಗೆ. ನೀಲಿ ನಳ."

ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ನೀಲಿ ನಳದ ಕೆಳಗೆ ತಾನೇ ಕೈಯಿಟ್ಟು, ಸರಕ್ಕನೆ ಹಿಂದಕ್ಕೆಳೆದುಕೊಂಡು, ಕೂಸಿನ ಎಣ್ಣೆಬಟ್ಟಲು ತರಲು ಹೋದಳು. ಅಂದಿನಿಂದ ಕೆಲಸ ಹಂಚಿಕೆಯಾಯಿತು. ಅವ್ವ ಮಣೆಯ ಮೇಲೆ ಕೂತು, ಕಾಲು ಚಾಚಿ, ಮೊಣಕಾಲ ಮೇಲೆ ಕೂಸು ಮಲಗಿಸಿ ಎರೆಯುವುದು. ಅತ್ತೆ ಅಕ್ಕನಿಗೆ ಎರೆಯುವುದು. ಕೂಸಿನದು ಮುಗಿದ ಮೇಲೆ ಅವ್ವ ಗೋಡೆ ಹಿಡಿದು ಏಳುತ್ತಿದ್ದಳು. "ನಿಮ್ಮ ಹಕ್ಕಿ ನನ್ನ ನಡಾ ಮುರದು ಹ್ವಾದ್ವು" ಎಂದು ದಿನಾ ಒಂದು ಸಲ ಬೈಯುತ್ತಿದ್ದಳು. ದಿನಾ ಒಂದು ಸಲ ಅತ್ತೆ, "ನೀಲಿ ನಳ ಐತಿ" ಎನ್ನುತ್ತಿದ್ದಳು.

ಮೇ ಎಂಟು, ಗುರುವಾರ, ಹನ್ನೆರಡೂ ಕಾಲು. ಲಕ್ಷ್ಮೇಶ್ವರದಿಂದ ಅಕ್ಕನ ಅತ್ತೆ, ಅಂದರೆ ನಮ್ಮ ಬೀಗತಿ, ಉತ್ತತ್ತಿ ಕೊಬ್ಬರಿಯ ಗಂಟಿನೊಂದಿಗೆ ಮುನ್ಸೂಚನೆಯಿಲ್ಲದೆ ಬಂದಿಳಿದರು. ಸೊಸೆಯ ಬಾಣಂತನ ಹೇಗೆ ನಡೆದಿದೆ ಎಂಬ ತಪಾಸಣೆ. ಕೂತವರು ಮೊದಲು ನೋಡಿದ್ದು ಬಚ್ಚಲಿನ ಕಡೆ. ಸೀಲು ಹಾಕಿದ ಸ್ವಿಚ್ಚು ಅಲ್ಲಿಂದಲೇ ಕಾಣುತ್ತದೆ.

"ಅದೇನ್ರಿ ಅದು, ಸ್ವಿಚ್ಚಿಗೆ ಅರಗು?"

"ಕೂಸುಗಳ ಮನಿ ರೀ. ಯಾರೂ ಮುಟ್ಟಬಾರದು ಅಂತ" ಎಂದಳು ಅತ್ತೆ. ಇಪ್ಪತ್ತೇಳು ದಿನದ ಕೂಸು ಸ್ವಿಚ್ಚಿಗೆ ಹೇಗೆ ಕೈ ಹಾಕೀತು ಎಂದು ಬೀಗತಿ ಕೇಳುವ ಮೊದಲೇ, "ಬರ್ರಿ ಬೀಗರ, ನೀರು ಕಾದಾವೋ ಇಲ್ಲೋ ನೀವ ಕೈಯಿಟ್ಟು ನೋಡ್ರಿ" ಎಂದು ಎಬ್ಬಿಸಿಕೊಂಡು ಹೋದಳು.

ನೀಲಿ ನಳ. ಬೀಗತಿಯ ಬಳೆಗಳು ಒಮ್ಮೆಲೇ ಸದ್ದು ಮಾಡಿದವು. ಬೆರಳು ಬಾಯಿಗಿಟ್ಟುಕೊಂಡು ಹೊರಬಂದ ಅವರ ಮುಖದಲ್ಲಿ ಸಮಾಧಾನವಿತ್ತು. "ಛಲೋ ಕಾದಾವ ಬಿಡ್ರಿ. ನಮ್ಮ ಮನ್ಯಾಗಿಂದು ಇಷ್ಟು ಕಾಯಂಗಿಲ್ಲ. ಯಾವ ಕಂಪನಿದ್ರಿ?"

"ಹಳೇ ಕಂಪನಿ ರೀ. ನಮ್ಮ ಮುತ್ಯಾನ ಕಾಲದಿಂದ ಐತಿ. ಇವತ್ತಿಗೂ ಸರ್ವಿಸ್ ಕೇಳಿಲ್ಲ."

ಅತ್ತೆ ಅಕ್ಕನನ್ನು ಒಳಗೆ ಕರೆದುಕೊಂಡು ಬಚ್ಚಲಿನ ಬಾಗಿಲು ಮುಚ್ಚಿದಳು. ಒಳಗೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಅತ್ತೆ ನೀಲಿ ನಳದ ಒಂದು ಬಕೆಟ್ಟಿಗೆ ಕೆಂಪು ನಳದ ತಂಪು ನೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಹದವಾದ ನೀರನ್ನೇ ಎರೆಯುತ್ತಿದ್ದಳಂತೆ. ಮೊದಲ ದಿನದಿಂದಲೂ ಹಾಗೆಯೇ ಅಂತೆ. ಮನೆಯ ಒಂದೇ ಬಕೆಟ್ಟು ತಣ್ಣೀರು ಇಷ್ಟು ದಿನ ಎಲ್ಲಿಗೆ ಹೋಗುತ್ತಿತ್ತು ಎಂಬುದು ನನಗೆ ತಿಳಿದದ್ದು ಆಗಲೇ. ಅಂದು ಮಾತ್ರ ಎರೆಯುವ ಮೊದಲು ಅಕ್ಕನ ಕಿವಿಯ ಹತ್ತಿರ ಬಾಗಿ ಹೇಳಿದಳಂತೆ: "ಒಂದೀಟು ಚೀರು. ಹೊರಗ ಬೀಗರು ಕುಂತಾರ."

"ಅಯ್ಯಯ್ಯೋ, ಸುಡತೈತಿ ಅತ್ತೀ!" ಎಂದು ಅಕ್ಕ ಶಾಲೆಯ ನಾಟಕದಲ್ಲಿ ಕೂಗಿದಂತೆ ಕೂಗಿದಳು.

ಹೊರಗೆ ಬೀಗತಿ ತಲೆದೂಗಿದರು. "ಹಂಗ ಆಗಬೇಕು. ಅಂದ್ರನ ಮೈ ಗಟ್ಟಿ ಆಗೂದು."

ಅವ್ವ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಮಗಳು ನಿಜವಾಗಿ ಸುಟ್ಟುಕೊಂಡಾಗ ಹೇಗೆ ಕೂಗುತ್ತಾಳೆಂದು ಹೆತ್ತವಳಿಗೆ ಗೊತ್ತಿರುವುದಿಲ್ಲವೇ? ಅವ್ವ ಮುಖದ ಒಂದು ಗೆರೆಯನ್ನೂ ಅಲುಗಿಸದೆ, "ಸಕ್ಕರಿ ಸಾಕೇನ್ರಿ ಬೀಗರ?" ಎಂದು ಕೇಳಿದಳು. ಅವ್ವ ಅತ್ತೆಯ ಪಕ್ಷಕ್ಕೆ ಮತ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಲ್ಲಿಗೆ ಅತ್ತೆ ಗೆದ್ದಂತೆಯೇ. ಬಾಣಂತನ ಅರ್ಧ ಮುಗಿದಿತ್ತು, ಸೀಲು ಗಟ್ಟಿಯಾಗಿತ್ತು, ಬಿಸಿಲು ಅತ್ತೆಯ ಮಾತು ಕೇಳುತ್ತಿತ್ತು.

ಮೇ ಹತ್ತೊಂಬತ್ತರಂದು ಮೋಡ ಕವಿಯಿತು. ಮಳೆಗಾಲಕ್ಕೆ ಇನ್ನೂ ದಿನಗಳಿದ್ದವು, ಮಳೆಗೆ ಅದು ಗೊತ್ತಿರಲಿಲ್ಲ. ಮೂರು ದಿನ ಬಿಡದೆ ಜಿಟಿಜಿಟಿ. ತಾರಸಿಯ ಟ್ಯಾಂಕು ತಣ್ಣಗಾಯಿತು. ನೀಲಿ ನಳದಲ್ಲಿ ತಣ್ಣೀರು, ಕೆಂಪು ನಳದಲ್ಲಿಯೂ ತಣ್ಣೀರು. ಅವ್ವ ಒಂದು ಮಾತೂ ಆಡದೆ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಗ್ಯಾಸಿನ ಮೇಲಿಟ್ಟಳು. ಕೂಸಿಗೊಂದು ಪಾತ್ರೆ, ಅಕ್ಕನಿಗೆರಡು, ಕಾಸಿ ಕಾಸಿ ಬಚ್ಚಲಿಗೆ ಹೊತ್ತಳು. ನಾನು ಹಿಡಿಯಲು ಹೋದರೆ, "ನೀ ಚೆಲ್ಲತಿ, ಆಕಡೆ ಸರಿ" ಎಂದಳು. ಅತ್ತೆ ತಾರಸಿಗೆ ಹೋಗಿ ಆಕಾಶ ನೋಡಿ ನೋಡಿ ಬಂದಳು. ಅದನ್ನೂ ದಬಾಯಿಸುವ ಉಪಾಯ ಇದ್ದಿದ್ದರೆ ದಬಾಯಿಸುತ್ತಿದ್ದಳು.

ಮೇ ಇಪ್ಪತ್ತೆರಡು, ಬೆಳಿಗ್ಗೆ ಆರೂ ಹತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು.

"ನಿಮ್ಮವ್ವ ನನ್ನ ಬೈದು ಎಷ್ಟು ದಿನಾ ಆತಲೇ?"

ಆ ಲೆಕ್ಕಕ್ಕೆ ನನ್ನಲ್ಲಿ ಕಾಲಂ ಇರಲಿಲ್ಲ. ಆದರೂ ನೆನಪಿಸಿಕೊಂಡೆ. "ಮಳಿ ಹತ್ತಿದಾಗಿಂದ ಬೈದಿಲ್ಲ, ಅತ್ತಿ."

"ಹೌದಲ್ಲ. ಏನೋ ಆಗೇತಿ ಅಕಿಗೆ."

ಅಷ್ಟು ಹೇಳಿ ಬಚ್ಚಲಿಗೆ ಹೋದಳು. ಟಪ್ ಎಂದು ಏನೋ ಒಡೆದ ಸದ್ದು. ನಾನು ಓಡಿ ಹೋಗಿ ನೋಡಿದರೆ ನೆಲದ ಮೇಲೆ ಅರಗಿನ ಚೂರು, ನನ್ನ ಸಹಿಯ ಅರ್ಧ, ಅಪ್ಪನ ಸಹಿಯ ಅರ್ಧ. ಗೀಜರಿನ ಕೆಂಪು ದೀಪ ಉರಿಯುತ್ತಿತ್ತು. ಬೇಸಿಗೆಯಲ್ಲಿ ಅದು ಉರಿದದ್ದನ್ನು ನಾನು ಕಂಡಿರಲಿಲ್ಲ.

ಅಪ್ಪ ಪೇಪರು ಕೆಳಗಿಟ್ಟು ಎದ್ದು ಬಂದರು. "ಕೂಸಿಗೆ ಏನರ ಆತೇನಕ್ಕಾ?"

"ಕೂಸಿಗೇನು ಧಾಡಿ, ಗುಂಡುಕಲ್ಲಿನಂಗ ಐತಿ. ನೀ ಹೋಗಿ ಪೇಪರ್ ಓದು." ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕರೆದಳು. "ಶಾಂತಾ, ರೊಟ್ಟಿ ಬಿಡು. ಬಾ ಇಲ್ಲಿ."

ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. ಬಗ್ಗಿದ ನಡ ನೆಟ್ಟಗಾಗಿರಲಿಲ್ಲ. ಗೋಡೆ ಹಿಡಿದೇ ನಡೆದಳು. ದೀಪ ನೋಡಿದಳು, ನೆಲದ ಮೇಲಿನ ಅರಗು ನೋಡಿದಳು.

"ಏನ್ರಿ ಅಕ್ಕಾರ ಇದು? ಹಕ್ಕಿ ಇನ್ನೂ ಬಂದಿಲ್ಲ."

"ಬಂದಾವ."

"ಮೇ ತಿಂಗಳದಾಗ?"

"ಬಂದಾವ ಅಂತ ಹೇಳಾಕತ್ತೀನಲ್ಲ. ಕುಂಡ್ರು."

ಬಾಗಿಲು ಮುಂದಕ್ಕೆಳೆದಿತ್ತು, ಚಿಲಕ ಹಾಕಿರಲಿಲ್ಲ. ನಾನು ರೊಟ್ಟಿಯ ಹಂಚು ಇಳಿಸಿ ಬಂದು ಹೊರಗೆ ನಿಂತೆ. ನೀರು ಕಾದ ಮೇಲೆ ಒಳಗೆ ಸುರಿಯುವ ಸದ್ದು, ತಂಬಿಗೆಯ ಮೇಲೆ ತಂಬಿಗೆ. ಬಾಣಂತಿಗೆ ಎರೆಯುವ ಹಾಗೆ ನಿಧಾನ, ಒಂದೇ ಜಾಗಕ್ಕೆ.

"ಸಾಕ್ರಿ. ಬಂದ್ ಮಾಡ್ರಿ ಅದನ್ನ. ಕರೆಂಟ್ ಸುಡತೈತಿ."

"ಸುಡ್ಲಿ."

ಮತ್ತೆರಡು ತಂಬಿಗೆ ಬಿದ್ದವು. ಆಮೇಲೆ ಅವ್ವನ ದನಿ ಬಂತು. "ದೊಡ್ಡಾಕಿ ಹುಟ್ಟಿದಾಗನೂ ನೀವ ಎರದಿದ್ರಿ. ನನಗ ಅವ್ವ ಇಲ್ಲಂತ ಸಾಲಿಗೆ ರಜಾ ಹಾಕಿ ಬಂದಿದ್ರಿ."

"ಆವಾಗ ಹಂಡೇವು ಇತ್ತು. ಹಸಿ ಕಟಗಿ. ಹೊಗಿಗೆ ನನ್ನ ಕಣ್ಣಾಗ ನೀರು ಬರತಿದ್ವು."

"ಈಗ ಹೊಗಿ ಇಲ್ಲಲ್ರೀ ಅಕ್ಕಾರ."

ಯಾವ ಮಾತಿಗೂ ಸೋಲದ ಅತ್ತೆ ಇನ್ನೊಂದು ತಂಬಿಗೆ ಎರೆದಳು.

ಹೊರಗೆ ಬಂದ ಅತ್ತೆ ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಸೀದಾ ನನ್ನ ದಿನಚರಿಯ ಕಡೆ ಬೆರಳು ಮಾಡಿದಳು. "ಏನು ನೋಡತಿ? ಬರಕೋ. ಹಕ್ಕಿ ಬಂದ್ವು."

"ಅತ್ತಿ, ಖರೆ ಬರೀಬೇಕಲ್ಲ."

"ಖರೆನ ಬರೀಲೇ. ನಾ ಹೇಳಾಕತ್ತಿಲ್ಲೇನು?"

ಬರೆದಿದ್ದೇನೆ. ಹಕ್ಕಿ ಹೋದದ್ದು ಮಾರ್ಚ್ ಹದಿನಾರು, ಬಂದದ್ದು ಮೇ ಇಪ್ಪತ್ತೆರಡು, ಬೆಳಿಗ್ಗೆ ಆರೂ ಇಪ್ಪತ್ತು. ಅವ್ವನ ನಡ ಸರಿಯಾದದ್ದು ಅದರ ಮುಂದಿನ ವಾರ. ಬೈಗುಳ ಶುರುವಾದದ್ದು ಅದಕ್ಕೂ ಎರಡು ದಿನ ಮೊದಲು. ಕೆಂಪು ದೀಪ ಈಗಲೂ ನಸುಕಿನಲ್ಲಿ ಸ್ವಲ್ಪ ಹೊತ್ತು ಉರಿಯುತ್ತದೆ. ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ಕಾಯಿಲ್ ಮೇಲೆ ಸ್ವೆಟರ್ ಇಲ್ಲ, ಗುಂಡಿ ಕೆಳಗಿದೆ, ಆದ್ದರಿಂದ ಇದು ಕಾನೂನಿನೊಳಗೇ ಇದೆ ಎಂದು ಅತ್ತೆಯ ವಾದ.

ನಾನು ಸುಳ್ಳು ಬರೆಯುವವಳಲ್ಲ. ಅಳಿಸುವವಳೂ ಅಲ್ಲ. ಆದ್ದರಿಂದ ಒಂದು ಕೋರಿಕೆ: ಆ ದಿನ ಬೆಳಿಗ್ಗೆ ಮಾಗಡಿ ಕೆರೆಯ ಮೇಲೆ, ಮಳೆಯಲ್ಲಿ, ಒಂದೇ ಒಂದು ಪಟ್ಟೆತಲೆಯ ಬಾತನ್ನಾದರೂ ಕಂಡವರು ಯಾರಾದರೂ ಇದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ. ಕಾಣದವರು ಬರೆಯುವುದು ಬೇಡ.